ಗೇಣಿನೊಳಗೆ

ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸಿ ಕೊಡುವವರು ಆ ಬೀದಿಯಲ್ಲಿ ಐದಾರು ಮಂದಿ ಇದ್ದರು. ಅವರಲ್ಲಿ ಗಿರಾಕಿಗಳ ಜೊತೆ ಜಗಳವಾಡಿಕೊಂಡೇ ಕೆಲಸ ಮಾಡುತ್ತಿದ್ದವನು ಒಬ್ಬನೇ. ಅವನನ್ನು ಎಲ್ಲರೂ ಗೇಣು ಮೇಸ್ತ್ರಿ ಎನ್ನುತ್ತಿದ್ದರು. ಆಳು ಕುಳ್ಳಗಿದ್ದಾನೆ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿದುಕೊಳ್ಳುತ್ತಿದ್ದರು. ಕುಳ್ಳಗಿದ್ದದ್ದು ನಿಜ, ಆದರೆ ಹೆಸರು ಬಂದದ್ದು ಅವನ ಕೈಯಿಂದ. ಬಾನೆಟ್ ಎತ್ತಿದ ಕೂಡಲೇ ಬಲಗೈಯ ಹೆಬ್ಬೆರಳನ್ನು ಬ್ಯಾಟರಿಯ ಟರ್ಮಿನಲ್ ಪಕ್ಕ ಊರಿ, ಕಿರುಬೆರಳನ್ನು ಆದಷ್ಟು ಚಾಚಿ, ಅದು ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ದೊಡ್ಡ ಫ್ಯೂಸು ಆ ಗೆರೆಯ ಈಚೆಗೇ ಕೂರಬೇಕು. ಒಂದು ಬೆರಳು ಆಚೆ ಹೋದರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಫ್ಯೂಸನ್ನ ಸೀಟಿನ ಕೆಳಗೆ ಹಾಕ್ರಿ ಮೇಸ್ತ್ರಿ, ಎಂಜಿನ್ ಹತ್ರ ಅಸಹ್ಯ ಕಾಣುತ್ತೆ" ಎಂದು ಯಾರಾದರೂ ಅಂದರೆ ಮುಗಿಯಿತು.

"ಅದೇನು ಮದುವೆ ಹೆಣ್ಣಾ, ಚೆನ್ನಾಗಿ ಕಾಣೋಕೆ? ಬ್ಯಾಟರಿಗೂ ಫ್ಯೂಸಿಗೂ ಮಧ್ಯ ಇರೋ ತಂತಿಗೆ ಹೇಳೋರು ಕೇಳೋರು ಯಾರೂ ಇಲ್ಲ. ಎಲ್ಲಾದ್ರೂ ಉಜ್ಜಿ ಕಾರಿನ ಕಬ್ಬಿಣಕ್ಕೆ ತಗುಲ್ತು ಅನ್ನಿ, ಬ್ಯಾಟರಿ ತನ್ನಲ್ಲಿರೋದನ್ನೆಲ್ಲ ಅದರೊಳಗೆ ಸುರಿಯುತ್ತೆ. ಆ ತಂತಿ ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು. ಒಂದು ಗೇಣು. ಅಷ್ಟೇ."

ಅವನು ಹೇಳುತ್ತಿದ್ದದ್ದರಲ್ಲಿ ತಪ್ಪೇನೂ ಇರಲಿಲ್ಲ. ಫ್ಯೂಸು ಇರುವುದು ಆಂಪ್ಲಿಫೈಯರನ್ನು ಕಾಯುವುದಕ್ಕೆ ಎಂದು ಲೋಕವೆಲ್ಲ ನಂಬಿಕೊಂಡಿದೆ. ಅದು ಕಾಯುವುದು ತಂತಿಯನ್ನು. ತಂತಿ ಕಾದು ಕೆಂಪಾಗುವ ಮೊದಲೇ ಫ್ಯೂಸಿನೊಳಗಿನ ಪಟ್ಟಿ ಕರಗಿ ದಾರಿ ಮುಚ್ಚುತ್ತದೆ. ಈ ಒಂದು ಮಾತನ್ನು ಜನರ ತಲೆಗೆ ತುಂಬುವುದರಲ್ಲೇ ಅವನ ಅರ್ಧ ಆಯುಷ್ಯ ಸವೆದಿತ್ತು. ದೊಡ್ಡ ಸ್ಪೀಕರಿಗೆ ಬಾಯಿ ಬಿಡುವವರು ಫ್ಯೂಸು ಎಂದ ಕೂಡಲೇ ಮುಖ ಸಿಂಡರಿಸುತ್ತಿದ್ದರು. ಇವನು ಅದನ್ನೆಲ್ಲ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮುಂದಿನಿಂದ ಹಿಂದಕ್ಕೆ ಒಂದೇ ದಪ್ಪ ತಂತಿ ಎಳೆಯುತ್ತಿದ್ದ. ಹಿಂದೆ ಅದು ಒಂದು ಫ್ಯೂಸ್ ಡಬ್ಬಿಗೆ ಬಂದು ಸೇರುತ್ತಿತ್ತು. ಆ ಡಬ್ಬಿಯಿಂದ ಒಂದೊಂದು ಆಂಪ್ಲಿಫೈಯರಿಗೆ ಒಂದೊಂದು ಸಣ್ಣ ತಂತಿ, ಪ್ರತಿಯೊಂದಕ್ಕೂ ಅದರದೇ ಫ್ಯೂಸು. ದೊಡ್ಡ ಪಾತ್ರೆಯಿಂದ ತಟ್ಟೆ ತಟ್ಟೆಗೆ ಬಡಿಸಿದ ಹಾಗೆ, ಯಾರ ಹೊಟ್ಟೆಗೆ ಎಷ್ಟೋ ಅಷ್ಟು.

ಅಂಗಡಿಯ ಒಳಗೋಡೆಗೆ ಹದಿನೈದಿಪ್ಪತ್ತು ಮೊಳೆ ಹೊಡೆದು, ಬೇರೆಯವರು ಮಾಡಿದ ಕೆಲಸದಿಂದ ಕಿತ್ತ ಸುಟ್ಟ ತಂತಿಗಳನ್ನು ನೇತುಹಾಕಿದ್ದ. ಒಂದೊಂದರ ಕೆಳಗೂ ಸೀಮೆಸುಣ್ಣದಲ್ಲಿ ಒಂದೊಂದು ಮಾತು ಬರೆದಿತ್ತು. "ಫ್ಯೂಸ್ ಬದಲು ಸಿಗರೇಟಿನ ಬೆಳ್ಳಿ ಕಾಗದ." "ಗೇಣಲ್ಲ, ಎರಡು ಮೊಳ." ಅಕ್ಕಪಕ್ಕದ ಅಂಗಡಿಯವರು ಚಹಾ ಕುಡಿಯಲು ಬಂದಾಗ ತಮ್ಮದೇ ತಂತಿಯನ್ನು ಆ ಗೋಡೆಯ ಮೇಲೆ ಗುರುತು ಹಿಡಿದು ಹಲ್ಲು ಕಡಿಯುತ್ತಿದ್ದರು. ಇವನಿಗೆ ಅದರಲ್ಲೊಂದು ಸುಖವಿತ್ತು. ಹೇಳಿಕೊಳ್ಳುವಂಥ ಸುಖವಲ್ಲ, ಆದರೂ ಇತ್ತು.

ತಂದೆ ತಾಯಿ ಒಂದೇ ವರ್ಷದಲ್ಲಿ ಹೋದಾಗ ಅವನಿಗೆ ಇಪ್ಪತ್ತು, ತಮ್ಮನಿಗೆ ಹತ್ತು. ಲಾರಿ ಶೆಡ್ಡಿನಲ್ಲಿ ವೈರಿಂಗ್ ಕೆಲಸ ಕಲಿಯುತ್ತಿದ್ದವನು ಮಧ್ಯಾಹ್ನ ಓಡಿಬಂದು ಅನ್ನ ಬೇಯಿಸಿ, ಕಲಸಿ, ತಮ್ಮನ ಬಾಯಿಗೆ ತುತ್ತಿಟ್ಟು ಮತ್ತೆ ಓಡುತ್ತಿದ್ದ. ಗ್ರೀಸಿನ ವಾಸನೆ ಇಲ್ಲದ ಅನ್ನ ತಾನು ಉಂಡದ್ದೇ ಅತ್ತಿಗೆ ಮನೆಗೆ ಬಂದ ಮೇಲೆ ಎಂದು ತಮ್ಮ ನಗಾಡುತ್ತಿದ್ದ. ದೊಡ್ಡವನಾದ ಮೇಲೆ ತಮ್ಮನಿಗೂ ಇದೇ ಕೆಲಸ ಕಲಿಸಲು ಹೋದ. ತಮ್ಮನ ಕೈಗೆ ಅದು ಹತ್ತಲಿಲ್ಲ. ಒಂದು ದಿನ ಸುಟ್ಟುಹೋದ ಫ್ಯೂಸಿಗೆ ತಾಮ್ರದ ಎಳೆ ಸುತ್ತಿ ಕೂರಿಸಿದ್ದನ್ನು ಕಂಡು ಮೇಸ್ತ್ರಿ ನಾಲ್ಕು ಜನರ ಎದುರಿಗೇ ಅವನ ಕೆನ್ನೆಗೆ ಬಾರಿಸಿದ. ತಮ್ಮ ಎದುರಾಡಲಿಲ್ಲ. ಮರುದಿನದಿಂದ ಅಂಗಡಿಗೆ ಬರಲಿಲ್ಲ, ಅಷ್ಟೇ.

ಅವನು ಆಮೇಲೆ ಹಳೆಯ ವ್ಯಾನೊಂದನ್ನು ಹಿಡಿದು, ಅದರ ಮೇಲೆ ಸ್ಪೀಕರು ಕಟ್ಟಿಕೊಂಡು, ಬೀದಿ ಬೀದಿ ಸುತ್ತಿ ಸುದ್ದಿ ಸಾರುವ ಕೆಲಸಕ್ಕೆ ಇಳಿದ. ನಾಳೆ ನೀರು ಬರುವುದಿಲ್ಲ, ಮಕ್ಕಳಿಗೆ ಲಸಿಕೆ ಹಾಕಿಸಿ, ಪೀಠೋಪಕರಣದ ಅಂಗಡಿ ಹೊಸದಾಗಿ ತೆರೆದಿದೆ, ಇಂಥ ಬಣ್ಣದ ಅಂಗಿ ತೊಟ್ಟ ಮುದುಕರೊಬ್ಬರು ಕಾಣೆಯಾಗಿದ್ದಾರೆ. ಗಾಡಿ ಓಡಿಸುತ್ತಿದ್ದವನು ತಮ್ಮ, ಮಾತಾಡುತ್ತಿದ್ದವಳು ಅವನ ಹೆಂಡತಿ. ಅವಳ ದನಿ ಬೀದಿಯ ಕೊನೆಯ ಮನೆಯ ಅಡುಗೆಕೋಣೆಗೂ ತಲುಪುತ್ತಿತ್ತು, ಆದರೂ ಕಿವಿ ಕೊರೆಯುತ್ತಿರಲಿಲ್ಲ. ಜನ ಅವಳನ್ನು ಮೈಕಕ್ಕ ಎಂದು ಕರೆದರು. ಮನೆಯಲ್ಲಿ ಮಾತ್ರ ಅವಳು ಪಿಸುಮಾತಿನವಳು. "ದಿನವೆಲ್ಲ ಊರಿಗೇ ಕೂಗ್ತೀನಿ ಭಾವ, ಮನೇಲಾದ್ರೂ ಗಂಟಲು ಉಳಿಸ್ಕೋತೀನಿ" ಎನ್ನುತ್ತಿದ್ದಳು.

ಆ ವ್ಯಾನಿನ ವೈರಿಂಗ್ ಮಾಡಿದವನು ಮೇಸ್ತ್ರಿಯೇ. ಬೇರೆ ಯಾರ ಕೈಗೂ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಮುಂದಿನ ಬ್ಯಾಟರಿಯಿಂದ ಗೇಣಿನೊಳಗೆ ದೊಡ್ಡ ಫ್ಯೂಸು, ಅಲ್ಲಿಂದ ನೆಲಹಾಸಿನ ಕೆಳಗೆ ಹಿಂದಿನವರೆಗೆ ಕೆಂಪು ದಪ್ಪ ತಂತಿ, ಹಿಂದಿನ ಹಲಗೆಯ ಮೇಲೆ ಡಬ್ಬಿ, ನಾಲ್ಕು ಫ್ಯೂಸು, ನಾಲ್ಕು ಆಂಪ್ಲಿಫೈಯರು. ಒಂದು ವರ್ಷದ ಮೇಲೆ ತಮ್ಮ ಹೊಸ ಗೋಳು ತಂದ. ಎಂಜಿನ್ ಆರಿಸಿ ಗಾಡಿ ನಿಲ್ಲಿಸಿಕೊಂಡು ಸಾರಿದರೆ ಬ್ಯಾಟರಿ ಇಳಿದುಹೋಗುತ್ತದೆ, ಆಮೇಲೆ ತಳ್ಳಬೇಕು. ಮೇಸ್ತ್ರಿ ಹಿಂದೆಯೇ, ಹಲಗೆಯ ಪಕ್ಕದಲ್ಲೇ, ಎರಡನೇ ಬ್ಯಾಟರಿ ಕೂರಿಸಿಕೊಟ್ಟ. ಅದರ ತಂತಿಯನ್ನು ದಪ್ಪ ತಂತಿ ಬಂದು ಸೇರುವ ಡಬ್ಬಿಯ ಅದೇ ಬೋಲ್ಟಿಗೆ ಬಿಗಿದ. ನಾಲ್ಕೈದು ಬೆರಳಗಲದ ತಂತಿ, ಅಷ್ಟೇ.

ಅದಾಗಿ ಎರಡು ವರ್ಷಕ್ಕೆ, ಒಂದು ಮಧ್ಯಾಹ್ನ, ಮೈದಾನದ ಪಕ್ಕ ಗಾಡಿ ನಿಂತಿತ್ತು. ತಮ್ಮ ಎದುರಿನ ಅಂಗಡಿಗೆ ನೀರು ತರಲು ಹೋಗಿದ್ದ. ಅವಳು ನಡುವಿನ ಸೀಟಿನಲ್ಲಿ ಮೈಕು ಹಿಡಿದು ಕೂತಿದ್ದಳು. ಅವಳ ಬದಿಯ ಬಾಗಿಲಿನ ಒಳಗಿನ ಹಿಡಿ ಮುರಿದು ಎಷ್ಟೋ ದಿನವಾಗಿತ್ತು, ತಮ್ಮನೇ ಹೊರಗಿನಿಂದ ತೆಗೆಯುತ್ತಿದ್ದ. ರಕ್ತದಾನದ ಶಿಬಿರದ ಸುದ್ದಿ ಅರ್ಧ ಹೇಳಿದ್ದಳು. ಆಮೇಲೆ ಬೀದಿಗೆಲ್ಲ ಕೇಳಿಸಿದ್ದು ಅವಳ ಕೆಮ್ಮು. ಮೈಕು ಅವಳ ಕೈಯಲ್ಲೇ ಇತ್ತು. ಮೊದಲು ಒಂದೆರಡು ಕೆಮ್ಮು, ಆಮೇಲೆ ಬಿಡದೆ ಕೆಮ್ಮು, ಆಮೇಲೆ ಗಂಡನನ್ನು ಒಮ್ಮೆ ಕರೆದದ್ದು. ತಮ್ಮ ಓಡಿಬಂದು, ಕಾದ ಬಾಗಿಲನ್ನು ಬರಿಗೈಯಲ್ಲಿ ಎಳೆದು ಅವಳನ್ನು ಹೊರಗೆ ತಂದ. ಬೆಂಕಿಗಿಂತ ಹೊಗೆಯೇ ಅವಳನ್ನು ಹಿಡಿದಿತ್ತು. ಸ್ಪೀಕರ್ ಪೆಟ್ಟಿಗೆಗಳ ಸ್ಪಂಜು ಸುಟ್ಟ ಕರಿ ಹೊಗೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ತಮ್ಮ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ನೆಂಟರು, ಬೀದಿಯವರು ಹತ್ತು ಹದಿನೈದು ಮಂದಿ ಸುತ್ತ ನಿಂತಿದ್ದರು. ಅಣ್ಣನನ್ನು ಕಂಡದ್ದೇ ಅವನ ಬಾಯಿ ಬಿಟ್ಟುಕೊಂಡಿತು.

"ನಾನೇ ಅಣ್ಣ. ದೊಡ್ಡ ಆಂಪ್ಲಿಫೈಯರಿನ ಫ್ಯೂಸು ಪದೇ ಪದೇ ಹೋಗ್ತಿತ್ತು. ಹೋದ ವಾರ ಮೂವತ್ತು ಆಂಪಿಯರಿನ ಜಾಗಕ್ಕೆ ಅರವತ್ತರದ್ದು ಹಾಕ್ದೆ. ನಾನೇ ಹಾಕ್ದೆ."

ಮೇಸ್ತ್ರಿಗೆ ಆ ಕ್ಷಣದಲ್ಲಿ ಏನು ಬೇಕಾದರೂ ಹೇಳಬಹುದಿತ್ತು. ಸುಮ್ಮನೆ ಪಕ್ಕದಲ್ಲಿ ಕೂತಿದ್ದರೂ ಸಾಕಿತ್ತು. ಅವನ ಬಾಯಿಂದ ಬಂದದ್ದು, "ಬಡ್ಕೊಂಡಿದ್ನಲ್ಲೋ ನಿಂಗೆ. ಎಷ್ಟು ಸಲ ಬಡ್ಕೊಂಡಿದ್ದೆ."

ಹತ್ತು ಹದಿನೈದು ಮಂದಿಯೂ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಅವಳು ಹೋದಳು. ಸಂಜೆಯೊಳಗೆ ಬೀದಿಯಲ್ಲೆಲ್ಲ ಒಂದೇ ಮಾತು, ಗಂಡನ ಉದಾಸೀನಕ್ಕೆ ಮೈಕಕ್ಕ ಬಲಿಯಾದಳು, ಪಾಪ, ಆ ಮೇಸ್ತ್ರಿ ಮೊದಲೇ ಹೇಳಿದ್ದನಂತೆ. ಯಾರೂ ಮೇಸ್ತ್ರಿಯ ಕಡೆ ಬೆರಳು ಮಾಡಲಿಲ್ಲ. ಅವನಿಗೆ ಮರುಕ ತೋರಿಸಿದರು. ಅವನೂ ಅದನ್ನು ತಲೆ ತಗ್ಗಿಸಿ ತೆಗೆದುಕೊಂಡ.

ಪೊಲೀಸರು ನೋಡಿ, ಶಾರ್ಟ್ ಸರ್ಕ್ಯೂಟ್ ಎಂದು ಬರೆದುಕೊಂಡು, ಗಾಡಿಯನ್ನು ಗುಜರಿಗೆ ಕಳಿಸಿದರು. ಮೂರು ವಾರ ಕಳೆದ ಮೇಲೆ ಗುಜರಿಯವನು ಹೇಳಿಕಳಿಸಿದ: "ನಾಳೆ ಕತ್ತರಿಸ್ತೀನಿ, ನಿಮಗೆ ಬೇಕಾದ್ದೇನಾದ್ರೂ ಇದ್ರೆ ಬಂದು ತಗೊಂಡು ಹೋಗಿ." ತಮ್ಮ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಮೇಸ್ತ್ರಿ ಬೆಳಿಗ್ಗೆ ಹತ್ತರ ಹೊತ್ತಿಗೆ ತಾನೇ ಹೋದ.

ಗಾಡಿಯ ಮೂತಿ ಸುಟ್ಟಿರಲಿಲ್ಲ. ಅಭ್ಯಾಸಬಲದಿಂದ ಮೊದಲು ಬಾನೆಟ್ ಎತ್ತಿದ. ಗೇಣಿನೊಳಗೆ ತಾನೇ ಕೂರಿಸಿದ ದೊಡ್ಡ ಫ್ಯೂಸು ಅಲ್ಲೇ ಇತ್ತು. ಒಳಗಿನ ಪಟ್ಟಿ ಕರಗಿ ಎರಡು ತುಂಡಾಗಿತ್ತು. ತನ್ನ ಕೆಲಸ ತಾನು ಮಾಡಿತ್ತು. ಅವನಿಗೆ ಒಂದು ಥರದ ಸಮಾಧಾನವೇ ಆಯಿತು. ಆಮೇಲೆ ತಮ್ಮ ಹೇಳಿದ ಅರವತ್ತರ ಫ್ಯೂಸು ಏನಾಗಿದೆ ನೋಡೋಣವೆಂದು ಹಿಂದಕ್ಕೆ ಹೋದ. ಹಿಂದಿನ ಹಲಗೆ ಒಂದು ಮೂಲೆಯಲ್ಲಿ ಮಾತ್ರ ಸುಟ್ಟಿತ್ತು. ಗಾಜಿನ ಫ್ಯೂಸಿನ ಮೇಲಿನ ಮಸಿ ಒರೆಸಿದ. ಪಟ್ಟಿ ಇಡಿಯಾಗಿತ್ತು. ಅದರಿಂದ ದೊಡ್ಡ ಆಂಪ್ಲಿಫೈಯರಿಗೆ ಹೋಗುವ ಸಣ್ಣ ತಂತಿಯೂ ಇಡಿಯಾಗಿತ್ತು, ಕೆಂಪು ಸಿಪ್ಪೆ ಸಮೇತ. ಅರವತ್ತರ ಫ್ಯೂಸು ಹಾಕಿ ಸುಡುವುದಾದರೆ ಸುಡಬೇಕಾದ್ದು ಇದೇ ತಂತಿ. ಇದು ಬೆಚ್ಚಗೂ ಆದಂತಿರಲಿಲ್ಲ.

ಹಾಗಾದರೆ ಸುಟ್ಟದ್ದು ಯಾವುದು?

ನೆಲಹಾಸಿನ ಉಳಿದ ಚೂರುಗಳನ್ನು ಕಿತ್ತು ದಪ್ಪ ತಂತಿಯನ್ನು ಮುಂದಿನಿಂದ ಹಿಡಿದುಕೊಂಡು ಬಂದ. ನಡುವಿನ ಸೀಟಿನವರೆಗೂ ಅದು ಕೆಂಪಗೇ ಇತ್ತು. ಅವಳು ಕೂರುತ್ತಿದ್ದ ಸೀಟಿನ ಕಬ್ಬಿಣದ ಕಾಲು ತಂತಿಯನ್ನು ಉಜ್ಜಿ ಉಜ್ಜಿ ಸಿಪ್ಪೆ ಕೊರೆದಿತ್ತು. ಅಲ್ಲಿ ತಾಮ್ರ ಕರಗಿ ಬಟಾಣಿ ಕಾಳಿನಷ್ಟು ಗಂಟಾಗಿತ್ತು. ಅಲ್ಲಿಂದ ಹಿಂದಕ್ಕೆ, ಡಬ್ಬಿಯವರೆಗೂ, ತಂತಿಯ ಮೇಲೆ ಸಿಪ್ಪೆಯೇ ಇರಲಿಲ್ಲ. ಕಪ್ಪು, ಬೋಳು, ಮುಟ್ಟಿದರೆ ಮುರಿಯುವ ತಾಮ್ರ. ಮುಂದಿನ ಅರ್ಧ ತಣ್ಣಗಿತ್ತು, ಹಿಂದಿನ ಅರ್ಧ ಕೆಂಡವಾಗಿತ್ತು. ಅಂದರೆ ಕರೆಂಟು ಬಂದದ್ದು ಹಿಂದಿನಿಂದ.

ಅವನು ಹಿಂದಿನ ಬ್ಯಾಟರಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಹೆಬ್ಬೆರಳು ಅದರ ಟರ್ಮಿನಲ್ ಪಕ್ಕ ಊರಿ ಕಿರುಬೆರಳು ಚಾಚಿದ. ಡಬ್ಬಿಯ ಬೋಲ್ಟು ಗೇಣಿನೊಳಗೇ ಸಿಕ್ಕಿತು. ಫ್ಯೂಸು ಇಲ್ಲ. ಅದೇ ಬೋಲ್ಟಿನಿಂದ ದಪ್ಪ ತಂತಿಯ ಮೇಲೆ ಮುಂದಕ್ಕೆ ಗೇಣು ಹಾಕುತ್ತ ಹೋದ. ಒಂದು, ಎರಡು, ಮೂರು. ಫ್ಯೂಸು ಇಲ್ಲ. ಎಂಟನೇ ಗೇಣಿಗೆ ಅವನ ಕಿರುಬೆರಳು ಆ ತಾಮ್ರದ ಗಂಟನ್ನು ಮುಟ್ಟಿತು. ಇಷ್ಟು ವರ್ಷ ಅವನ ಕಣ್ಣಿಗೆ ಆ ತಂತಿಯಲ್ಲಿ ಕರೆಂಟು ಹರಿಯುತ್ತಿದ್ದದ್ದು ಮುಂದಿನಿಂದ ಹಿಂದಕ್ಕೆ ಮಾತ್ರ. ಹಿಂದೆ ಇನ್ನೊಂದು ಬ್ಯಾಟರಿ ಇಟ್ಟ ಮೇಲೆ ಅದು ಹಿಂದಿನಿಂದ ಮುಂದಕ್ಕೂ ಹರಿಯಬಲ್ಲದು ಎಂದು, ಊರಿಗೆಲ್ಲ ಪಾಠ ಹೇಳುತ್ತಿದ್ದ ಅವನಿಗೆ, ಹೊಳೆದೇ ಇರಲಿಲ್ಲ. ಮುಂದಿನ ಫ್ಯೂಸು ಕರಗಿ ಮುಂದಿನ ಬ್ಯಾಟರಿಯನ್ನು ತಡೆದಿತ್ತು. ಹಿಂದಿನದನ್ನು ತಡೆಯಲು ಅಲ್ಲಿ ಏನೂ ಇರಲಿಲ್ಲ.

ಆಗ ನೆನಪಿಗೆ ಬಂತು. ಎರಡನೇ ಬ್ಯಾಟರಿ ಕೂರಿಸಿದ ದಿನ ಅವಳು ಚಹಾ ತಂದುಕೊಟ್ಟು, ಪಕ್ಕದಲ್ಲಿ ಬಗ್ಗಿ ನೋಡುತ್ತ ಕೇಳಿದ್ದಳು.

"ಮುಂದಿನದಕ್ಕೆ ಕಾವಲು ಇಟ್ಟಿದೀರಲ್ಲ ಭಾವ, ಇದಕ್ಕೆ ಬೇಡ್ವಾ?"

"ಇದು ಗೇಣಿನೊಳಗೇ ಇದೆ ಕಣಮ್ಮಾ" ಎಂದಿದ್ದ ಇವನು ನಕ್ಕು. "ನೀನು ಮೈಕ್ ನೋಡ್ಕೋ. ವೈರಿಂಗು ನನಗೆ ಬಿಡು."

ಗುಜರಿಯವನು ಬಂದು ಏನಾದರೂ ಬೇಕೇ ಎಂದು ಕೇಳಿದ. ಮೇಸ್ತ್ರಿ ಮುಂದಿನ ಫ್ಯೂಸನ್ನೂ ಆ ಇಡೀ ದಪ್ಪ ತಂತಿಯನ್ನೂ ಬಿಚ್ಚಿಕೊಂಡು, ಒಂದು ಹಳೆಯ ಅಂಗಿಯಲ್ಲಿ ಸುತ್ತಿ ತಂದು, ಅಂಗಡಿಯ ಮೇಜಿನ ಕೆಳಗೆ ಹಿಂದಕ್ಕೆ ತಳ್ಳಿದ. ಯಾರಿಗೂ ಹೇಳಲಿಲ್ಲ.

ಹನ್ನೊಂದು ದಿನ ಅದು ಅಲ್ಲೇ ಇತ್ತು. ಅವನು ಹೇಡಿ ಎಂದು ಸುಲಭವಾಗಿ ಹೇಳಿಬಿಡಬಹುದು, ಹೇಡಿಯೇ ಆಗಿದ್ದ. ಹೇಳಿದರೆ ಅವಳು ಎದ್ದು ಬರುತ್ತಾಳೆಯೇ ಎಂದು ತನಗೆ ತಾನೇ ಕೇಳಿಕೊಂಡ. ಮೂವತ್ತು ವರ್ಷದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತದೆ ಎಂದುಕೊಂಡ. ಗಿರಾಕಿ ಬಂದರೆ ಹೆಬ್ಬೆರಳು ಊರಲು ಕೈ ಏಳುತ್ತಿರಲಿಲ್ಲ. ಟೇಪು ಹಿಡಿದು ಅಳೆಯತೊಡಗಿದ. ಏನು ಮೇಸ್ತ್ರಿ, ಗೇಣು ಮರೆತುಹೋಯ್ತಾ ಎಂದು ಪಕ್ಕದ ಅಂಗಡಿಯವನು ಕಿಚಾಯಿಸಿದರೆ ಮುಖ ಆ ಕಡೆ ತಿರುಗಿಸಿದ.

ಈ ಕಡೆ ಮೇಸ್ತ್ರಿಯ ಹೆಂಡತಿ ದಿನವೂ ಮಧ್ಯಾಹ್ನ ಮೈದುನನಿಗೆ ಊಟದ ಡಬ್ಬಿ ಒಯ್ಯುತ್ತಿದ್ದಳು, ಸಂಜೆ ಹಾಗೇ ತುಂಬಿದ ಡಬ್ಬಿ ವಾಪಸು ತರುತ್ತಿದ್ದಳು. ಮೈದುನ ಎರಡು ಲೋಟ ಚಹಾದಲ್ಲಿ ದಿನ ನೂಕುತ್ತಿದ್ದ.

"ಇವತ್ತೂ ಮುಚ್ಚಳ ತೆಗೆದಿಲ್ಲ" ಎನ್ನುತ್ತಿದ್ದಳು. ಹನ್ನೊಂದನೆಯ ದಿನ ಡಬ್ಬಿಯನ್ನು ಕೆಳಗಿಟ್ಟು ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು.

"ಬಲಗೈ ಪಟ್ಟಿ ಕಿತ್ತು ಹಾಕಿದಾನೆ. ಡ್ರೆಸ್ಸಿಂಗಿಗೆ ಬರಲ್ಲ ಅಂತಾನೆ. ಕೀವು ತುಂಬಿದೆ, ಹತ್ರ ಹೋಗೋಕಾಗಲ್ಲ ಅಷ್ಟು ವಾಸನೆ. ಡಾಕ್ಟರ್ ಹತ್ರ ಹೋಗಿ ಕೇಳ್ದೆ. ಹೀಗೇ ಬಿಟ್ರೆ ಕೈ ತೆಗೀಬೇಕಾಗುತ್ತೆ ಅಂದ್ರು."

"ನೀನು ಹೇಳ್ಬೇಕಿತ್ತು ಅವನಿಗೆ."

"ಹೇಳ್ದೆ. ಏನಂದ ಗೊತ್ತಾ? 'ತೆಗೀಲಿ ಬಿಡಿ ಅತ್ತಿಗೆ, ಆ ಫ್ಯೂಸು ಹಾಕಿದ್ದು ಇದೇ ಕೈ. ಅಣ್ಣ ಹೇಳಿದ್ದ, ನಾನು ಕೇಳ್ಲಿಲ್ಲ.' ಇದೊಂದೇ ಮಾತು, ಬೆಳಿಗ್ಗೆಯಿಂದ ಸಂಜೆವರೆಗೂ."

ಮೇಸ್ತ್ರಿ ಎದ್ದು ಚಪ್ಪಲಿ ಮೆಟ್ಟಿಕೊಂಡ. ಅಂಗಡಿಯ ಬಾಗಿಲು ತೆಗೆದು, ಮೇಜಿನ ಕೆಳಗೆ ಬಗ್ಗಿ, ಆ ಗಂಟನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡು ತಮ್ಮನ ಮನೆಗೆ ನಡೆದ.

ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ತಮ್ಮ ಮಂಚದ ಮೇಲೆ ಕೂರದೆ, ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಮೇಸ್ತ್ರಿ ಎದುರಿಗೆ ಕೂತು ಹಳೆಯ ಅಂಗಿಯ ಗಂಟು ಬಿಚ್ಚಿ ತಂತಿಯನ್ನು ಉದ್ದಕ್ಕೆ ಹಾಸಿದ. ಅರ್ಧ ಕೆಂಪು, ಅರ್ಧ ಕಪ್ಪು.

"ನೀನು ಹಾಕಿದ ಫ್ಯೂಸಿಂದ ಏನೂ ಆಗಿಲ್ಲ ಕಣೋ" ಎಂದ. "ಆ ತಂತಿ ಬಿಸಿ ಕೂಡ ಆಗಿಲ್ಲ. ನೋಡಿದೀನಿ ನಾನು. ಸುಟ್ಟಿದ್ದು ಇದು. ಹಿಂದಿನ ಬ್ಯಾಟರಿಯಿಂದ ಸುಟ್ಟಿದ್ದು. ಅದಕ್ಕೆ ನಾನು ಫ್ಯೂಸ್ ಹಾಕಿರ್ಲಿಲ್ಲ. ಹಾಕಬೇಕಾಗಿತ್ತು. ನಂದು ತಪ್ಪು. ಪೂರ್ತಿ ನಂದೇ." ಒಂದು ಉಸಿರು ಎಳೆದುಕೊಂಡು, "ನನಗಿದು ಗೊತ್ತಾಗಿ ಹನ್ನೊಂದು ದಿನ ಆಯ್ತು" ಎಂದೂ ಹೇಳಿದ.

ತಮ್ಮ ಎಡಗೈಯಿಂದ ತಂತಿಯನ್ನು ಮುಟ್ಟಿದ. ಕೆಂಪು ಮುಗಿದು ಕಪ್ಪು ಶುರುವಾಗುವ ಜಾಗದಲ್ಲಿ ಅವನ ಬೆರಳು ನಿಂತಿತು. ಕೆಲಸ ಕೈಗೆ ಹತ್ತದಿದ್ದರೂ ಅವನೂ ಅದೇ ಅಂಗಡಿಯಲ್ಲಿ ಕಲಿತವನು, ಎರಡನೇ ಸಲ ವಿವರಿಸಬೇಕಾಗಲಿಲ್ಲ.

"ಅವತ್ತು ಅವಳು ಕೇಳಿದ್ಲು" ಎಂದ ತಮ್ಮ.

"ಹೂಂ. ಕೇಳಿದ್ಲು."

"ನೀನು ಹೋದ್ಮೇಲೆ ನಾನು ಬೈದೆ ಅವಳಿಗೆ. ಅಣ್ಣನಿಗೇ ಪಾಠ ಹೇಳ್ಕೊಡ್ತೀಯಾ ಅಂತ. ಎರಡು ದಿನ ಮಾತಾಡಿಸ್ಲಿಲ್ಲ." ತಂತಿಯಿಂದ ಕೈ ತೆಗೆದ. "ಅವಳೇ ಬಂದು ತಪ್ಪಾಯ್ತು ಅಂದ್ಲು."

ಮೇಸ್ತ್ರಿ ತಮ್ಮನ ತಲೆಯ ಮೇಲೆ ಕೈ ಇಡಬೇಕೆನ್ನಿಸಿ ಚಾಚಿದ. ತಮ್ಮ ತಲೆಯನ್ನು ಪಕ್ಕಕ್ಕೆ ಸರಿಸಿಕೊಂಡ.

"ಅತ್ತಿಗೇನ ಕಳ್ಸು. ಊಟ ತರ್ಲಿ. ಡ್ರೆಸ್ಸಿಂಗಿಗೂ ಅವರ ಜೊತೇಲೇ ಹೋಗ್ತೀನಿ."

"ಸರಿ."

"ಇದನ್ನ ತಗೊಂಡು ಹೋಗು." ಆಮೇಲೆ, ಜಗಳದ ದನಿ ಒಂದಿಷ್ಟೂ ಇಲ್ಲದೆ, "ನೀನು ಇನ್ನು ಬರ್ಬೇಡ" ಎಂದ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಅಂಗಡಿಯ ಗೋಡೆಗೆ ಇನ್ನೊಂದು ಮೊಳೆ ಹೊಡೆದು ಆ ತಂತಿಯನ್ನು ನೇತುಹಾಕಿದ. ಇದು ಯಾರ ಕೆಲಸ ಎಂದು ಪಕ್ಕದ ಅಂಗಡಿಯವನು ನಗುತ್ತ ಕೇಳಿದಾಗ ನಂದು ಎಂದ, ಯಾವ ಗಾಡಿಯದು ಎಂಬುದನ್ನೂ ಹೇಳಿದ. ಚಹಾ ಲೋಟ ಹಿಡಿದುಕೊಂಡಿದ್ದ ಅವನು ಅದನ್ನು ಅರ್ಧಕ್ಕೇ ಇಟ್ಟು ಎದ್ದುಹೋದ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ವೈರಿಂಗಿಗೆ ಬಿಟ್ಟಿದ್ದ ಒಂದು ಕಾರನ್ನು ಅದರ ಯಜಮಾನ ಬಂದು ಹಾಗೇ ತೆಗೆದುಕೊಂಡು ಹೋದ.

ಆ ಮಧ್ಯಾಹ್ನವೇ ಹೆಂಡತಿ ಡಬ್ಬಿ ಕಟ್ಟಿಕೊಂಡು ಹೊರಟಾಗ ಮೇಸ್ತ್ರಿಯೂ ಜೊತೆಗೆ ಹೋಗಿದ್ದ. ತಮ್ಮನ ಬೀದಿಯ ತಿರುವಿನವರೆಗೆ ಹೋಗಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತ. ಅಲ್ಲಿಂದ ತಮ್ಮನ ಮನೆಯ ಬಾಗಿಲು ಕಾಣುತ್ತಿತ್ತು. ಹೆಂಡತಿ ಒಳಗೆ ಹೋದಳು. ಬಿಸಿಲು ಮೆಟ್ಟಿಲಿನಿಂದ ಇಳಿದು ರಸ್ತೆಗೆ ಹೋಗುವವರೆಗೂ ಕೂತಿದ್ದ. ಅವಳು ಹೊರಗೆ ಬಂದು, ತಿರುವಿನ ಹತ್ತಿರ ಬಂದು, ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಅದು ಹಗುರವಾಗಿತ್ತು.

"ಎಲ್ಲಾ ತಿಂದ" ಎಂದಳು. "ಎಡಗೈಯಲ್ಲಿ ಕಲಸೋಕೆ ಬರ್ಲಿಲ್ಲ. ನಾನೇ ತುತ್ತು ಮಾಡಿ ಇಟ್ಟೆ."

"ಏನಾದ್ರೂ ಕೇಳಿದ್ನಾ?"

"ನಾಳೆ ಎಷ್ಟೊತ್ತಿಗೆ ಬರ್ತೀರಿ ಅಂತ ನನ್ನ ಕೇಳ್ದ."

ಮೇಸ್ತ್ರಿ ಡಬ್ಬಿ ಹಿಡಿದುಕೊಂಡು ಅವಳ ಹಿಂದೆ ನಡೆದ. ಮನೆಗೆ ಬಂದು, ಅವಳು ಬೇಡವೆಂದರೂ ಕೇಳದೆ, ಆ ಡಬ್ಬಿಯನ್ನು ತಾನೇ ತೊಳೆದು ಮಗುಚಿಟ್ಟ.